ಕಾಡಿನ ಹಂಗಾಮಿ ಕೆಲಸ ಮತ್ತು ವಿದ್ಯಾರ್ಥಿ ತರಬೇತಿ: ಅಜ್ಜೀಪುರ ಸೀಮೆ

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಅಜ್ಜೀಪುರ, ಹನೂರಿನಿಂದ ರಾಮಾಪುರಕ್ಕೆ ಹೋಗುವ ದಾರಿಯಲ್ಲಿರುವ ಊರು. ಉಡುತೊರೆಹಳ್ಳ ಜಲಾಶಯ ಹತ್ತಿರದಲ್ಲೇ ಇದೆ. ಊರಿನ ಸುತ್ತಮುತ್ತ ಹೊಲ, ಆಚೆಗೆ ಕುರುಚಲು ಗುಡ್ಡ, ಅದರಾಚೆಗೆ ಕಾಡು. ಮೂಡಲಿಗೆ ಮಲೆ ಮಹದೇಶ್ವರ ವನ್ಯಧಾಮ, ಪಡುವಲಿಗೆ ಬಿಳಿಗಿರಿರಂಗನ ಬೆಟ್ಟದ ಹುಲಿ ರಕ್ಷಿತಾರಣ್ಯ, ಬಡಗಲಿಗೆ ಕಾವೇರಿ ವನ್ಯಧಾಮ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ದೊಡ್ಡ ಪಾಲು ನೆಲ ಹೀಗೆ ಅರಣ್ಯ ಇಲಾಖೆಯ ಸುಪರ್ದಿನಲ್ಲಿದೆ. ಈ ನೆಲವನ್ನು ಕಾಯುವ ಕೆಲಸದಲ್ಲಿ ಕಾಯಂ ನೌಕರರಷ್ಟೇ ಇಲ್ಲ, ವರ್ಷದಲ್ಲಿ ಕೆಲವೇ ತಿಂಗಳು ಬಂದು ಹೋಗುವ ಕೈಗಳೂ ಇವೆ. ಫೈರ್ ವಾಚರ್‌ಗಳು, ನರ್ಸರಿಯ ಹೆಂಗಸರು, ಗುಂಡಿ ತೋಡುವ ಕೂಲಿಗಳು ಒಂದು ಕಡೆ; ಇಂಟರ್ನ್‌ಶಿಪ್‌ಗೆಂದು ಬರುವ ಅರಣ್ಯಶಾಸ್ತ್ರ ಮತ್ತು ಜೀವಶಾಸ್ತ್ರದ ವಿದ್ಯಾರ್ಥಿಗಳು ಇನ್ನೊಂದು ಕಡೆ. ಒಂದೇ ಕಾಡಿನಲ್ಲಿ ಕೆಲಸ ಮಾಡಿದರೂ ಈ ಎರಡು ಗುಂಪಿನವರು ಬಂದ ದಾರಿ ಬೇರೆ, ಮುಂದೆ ಹೋಗುವ ದಾರಿಯೂ ಬೇರೆ. ಆ ಎರಡು ದಾರಿಗಳು ಯಾಕೆ ಕೂಡುತ್ತಿಲ್ಲ ಎಂಬುದು ಈ ಸೀಮೆಯ ಮಟ್ಟಿಗೆ ಬಹಳ ಮುಖ್ಯವಾದ ಪ್ರಶ್ನೆ.

ಹಿನ್ನೆಲೆ

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಳ್ಳೇಗಾಲದ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಅಂದಿನಿಂದ 1956ರ ನವೆಂಬರ್ 1ರವರೆಗೆ ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರಿನಲ್ಲೇ ಉಳಿಯಿತು; 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಹಾಗಾಗಿ ಒಂದೇ ಬೆಟ್ಟಸಾಲಿನ ಎರಡು ಮಗ್ಗುಲನ್ನು ಎರಡು ಬೇರೆ ಇಲಾಖೆಗಳು ಆಳಿದವು. ಮದರಾಸಿನ ಅರಣ್ಯ ಇಲಾಖೆ ಹುಟ್ಟಿದ್ದು 1856ರಲ್ಲಿ, ಮೈಸೂರಿನದು 1864ರಲ್ಲಿ. ಅಜ್ಜೀಪುರದ ಕಡೆಯ ಕಾಡು 1882ರ ಮದರಾಸು ಅರಣ್ಯ ಕಾಯ್ದೆಯ ಕೆಳಗೆ ಬಂತು.

ಅರಣ್ಯ ಶಿಕ್ಷಣವೂ ಆ ಕಾಲದಲ್ಲೇ ಎರಡು ಮಟ್ಟವಾಗಿ ಒಡೆಯಿತು. 1878ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆ ತೆರೆದರು. ದಕ್ಷಿಣದ ರೇಂಜರ್‌ಗಳಿಗಾಗಿ 1912ರಲ್ಲಿ ಕೊಯಮತ್ತೂರಿನಲ್ಲಿ ಕಾಲೇಜು ಬಂತು. ಇಲ್ಲಿ ಕಲಿತವರು ಅಧಿಕಾರಿಗಳಾದರು. ಮರದ ಹೆಸರು, ಆನೆಯ ದಾರಿ, ನೀರಿನ ಸೆಲೆ ಎಲ್ಲವನ್ನೂ ಬಲ್ಲ, ಈ ಕಾಡಿನ ಬುಡಕಟ್ಟಿನವರಾದ ಸೋಲಿಗರು ಅವರ ಮುಂದೆ ದಾರಿ ತೋರಿಸುತ್ತ ನಡೆದರು, ದಿನದ ಕೂಲಿ ಪಡೆದರು. ಈ ಒಡಕು ಇಂದಿಗೂ ಪೂರ್ತಿ ಮುಚ್ಚಿಲ್ಲ.

1980ರ ದಶಕದ ಕೊನೆಯಿಂದ 2004ರವರೆಗೆ ಕಾಡುಗಳ್ಳ ವೀರಪ್ಪನ್‌ನ ಹಾವಳಿಯಿಂದ ಈ ಸೀಮೆಯ ಅರಣ್ಯ ಕೆಲಸವೇ ನಲುಗಿಹೋಯಿತು. ವೀರಪ್ಪನ್‌ನ ಊರಾದ ಗೋಪಿನಾಥಂನ ಜನರ ನಡುವೆ ಇದ್ದು ಅವರ ವಿಶ್ವಾಸ ಗಳಿಸಿದ್ದ ಉಪ ಅರಣ್ಯ ಸಂರಕ್ಷಣಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರ್ 10ರಂದು ಕೊಲ್ಲಲಾಯಿತು. ಮರುವರ್ಷ ಅಜ್ಜೀಪುರದ ಪಕ್ಕದ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆಯಿತು. ಆ ವರ್ಷಗಳಲ್ಲಿ ಕಾಡಿಗೆ ಹೋಗಿ ಬಂದವನನ್ನು ಪೊಲೀಸರೂ ವೀರಪ್ಪನ್ ಕಡೆಯವರೂ ಅನುಮಾನದಿಂದ ನೋಡುತ್ತಿದ್ದರು. ವಿದ್ಯಾರ್ಥಿಗಳು ಅಧ್ಯಯನಕ್ಕೆಂದು ಈ ಬೆಟ್ಟಗಳಿಗೆ ನಿರಾಳವಾಗಿ ಬರತೊಡಗಿದ್ದು ಇತ್ತೀಚಿನ ಎರಡು ದಶಕಗಳಲ್ಲಿ.

ಬೆಂಕಿ ಕಾಲ

ಹಂಗಾಮಿ ಕೆಲಸಗಳಲ್ಲಿ ದೊಡ್ಡದು ಬೆಂಕಿ ಕಾವಲು. ಈ ಸೀಮೆಯ ಕಾಡು ಹೆಚ್ಚಾಗಿ ಎಲೆ ಉದುರಿಸುವ ಒಣಕಾಡು ಮತ್ತು ಮುಳ್ಳುಕಾಡು. ಹಿಂಗಾರು ಮಳೆ ನಿಂತು ತಿಂಗಳಾಗುವಷ್ಟರಲ್ಲಿ ಹುಲ್ಲು ಬಿಳಿಚಿಕೊಳ್ಳುತ್ತದೆ. ಕಾಡಿನಲ್ಲಿ ಹಬ್ಬಿದ ಲಂಟಾನ ಕಳೆಯ ಒಣಗಿದ ಹಿಂಡಲಿಗೆ ಕಿಡಿ ಬಿದ್ದರೆ ನೆಲದ ಬೆಂಕಿ ಮರದ ಕೊಂಬೆಗೆ ಏರುತ್ತದೆ. ಬೆಂಕಿ ಹೆಚ್ಚಾಗಿ ಬೀಳುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಅದಕ್ಕೆ ಮುಂಚೆ, ಡಿಸೆಂಬರ್–ಜನವರಿಯಲ್ಲಿ, ಬೆಂಕಿ ರೇಖೆ ಮಾಡುವ ಕೆಲಸ ಶುರುವಾಗುತ್ತದೆ. ಜನರ ಬಾಯಲ್ಲಿ ಅದು ಫೈರ್ ಲೈನ್.

ಫೈರ್ ಲೈನ್ ಕೆಲಸ ನೋಡಲು ಸರಳ, ಮಾಡಲು ಬಲು ಸೂಕ್ಷ್ಮ. ಕಾಡಿನ ರಸ್ತೆಯ ಮಗ್ಗುಲಲ್ಲಿ, ವಲಯದ ಗಡಿಗುಂಟ ಹುಲ್ಲು ಪೊದೆಗಳನ್ನು ಮಚ್ಚಿನಿಂದ ಸವರಿ ಕೆಡವುತ್ತಾರೆ. ಕೆಲ ದಿನ ಒಣಗಲು ಬಿಡುತ್ತಾರೆ. ಆಮೇಲೆ ಗಾಳಿ ತಗ್ಗಿದ ಹೊತ್ತು ನೋಡಿ ಬೆಂಕಿ ಹಚ್ಚುತ್ತಾರೆ. ಒಬ್ಬ ಹಚ್ಚುತ್ತ ಮುಂದೆ ನಡೆದರೆ, ಉಳಿದವರು ಹಸಿ ಸೊಪ್ಪಿನ ಕೊಂಬೆ ಹಿಡಿದು ಪಟ್ಟಿಯ ಅಂಚಿನಲ್ಲಿ ಸಾಲಾಗಿ ನಿಲ್ಲುತ್ತಾರೆ. ಬೆಂಕಿ ಗೆರೆ ದಾಟಿ ಒಳಕ್ಕೆ ನಾಲಗೆ ಚಾಚಿದ ಕೂಡಲೇ ಸೊಪ್ಪಿನಿಂದ ಬಡಿಯುತ್ತಾರೆ. ಮೇಲಕ್ಕೆತ್ತಿ ಜೋರಾಗಿ ಹೊಡೆದರೆ ಕಿಡಿ ಹಾರಿ ಇನ್ನೊಂದು ಕಡೆ ಹೊತ್ತಿಕೊಳ್ಳುತ್ತದೆ. ಒತ್ತಿ ಎಳೆದರೆ ಮಾತ್ರ ಆರುತ್ತದೆ. ಈಚೆಗೆ ಬೆನ್ನಿಗೆ ಕಟ್ಟಿಕೊಳ್ಳುವ ಬ್ಲೋವರ್‌ಗಳು ಬಂದಿವೆ, ಆದರೂ ಸೊಪ್ಪು ಹೋಗಿಲ್ಲ. ಗಾಳಿ ತಿರುಗುವುದನ್ನು ಹುಲ್ಲಿನ ತುದಿ ನೋಡಿಯೇ ಹೇಳಬಲ್ಲ ಹಿರಿಯ ವಾಚರ್ ಜೊತೆಗಿದ್ದರೆ ಇಡೀ ತಂಡಕ್ಕೆ ಧೈರ್ಯ. ಈ ವಿದ್ಯೆ ಯಾವ ಪಠ್ಯದಲ್ಲೂ ಇಲ್ಲ, ಇದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ.

ಗೆರೆ ಮುಗಿದ ಮೇಲೆ ಫೈರ್ ವಾಚರ್‌ಗಳ ಸರದಿ. ಎತ್ತರದ ಗುಡ್ಡದ ಮೇಲೆ ಕೂತು ಹೊಗೆ ಎಲ್ಲಿ ಎದ್ದಿತೆಂದು ನೋಡುವುದು, ವಾಕಿಟಾಕಿಯಲ್ಲಿ ತಿಳಿಸುವುದು, ಕರೆ ಬಂದರೆ ಓಡುವುದು. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹದಿಂದ ಬೆಂಕಿಯ ಸುಳಿವು ಹಿಡಿದು ಮೊಬೈಲಿಗೆ ಸಂದೇಶ ಕಳಿಸುತ್ತದೆ. ಆ ಸಂದೇಶ ಬರುವುದಕ್ಕೂ ಮೊದಲೇ ಗುಡ್ಡದ ಮೇಲಿದ್ದವನು ಹೊಗೆ ಕಂಡಿರುವುದು ಹೊಸದೇನಲ್ಲ.

ಸೋಲಿಗರಿಗೆ ಬೆಂಕಿಯ ಬಗ್ಗೆ ತಮ್ಮದೇ ಲೆಕ್ಕವಿತ್ತು. ಒಣ ತರಗು ಇನ್ನೂ ತೆಳುವಾಗಿರುವಾಗಲೇ ಹಗುರವಾಗಿ ಸುಡುವ ‘ತರಗು ಬೆಂಕಿ’ಯಿಂದ ದೊಡ್ಡ ಬೆಂಕಿ ಬೀಳುತ್ತಿರಲಿಲ್ಲ, ಹುಲ್ಲು ಚಿಗುರುತ್ತಿತ್ತು, ಲಂಟಾನ ಹಬ್ಬುತ್ತಿರಲಿಲ್ಲ ಎಂಬುದು ಅವರ ಮಾತು. 1970ರ ದಶಕದಲ್ಲಿ ಬಿಳಿಗಿರಿಯ ಕಾಡು ವನ್ಯಧಾಮವಾದ ಮೇಲೆ ಆ ಪದ್ಧತಿ ನಿಂತಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು, ಅವರಲ್ಲಿ ಸೋಲಿಗ ಸಮುದಾಯದವರೇ ಆದ ಸಿ. ಮಾದೇಗೌಡರೂ ಸೇರಿ, ಈ ತಿಳಿವಳಿಕೆಯನ್ನು ದಾಖಲಿಸಿದ್ದಾರೆ. ಬೆಂಕಿ ಕಾವಲಿಗೆ ಸೋಲಿಗ ಯುವಕನನ್ನು ಕೂಲಿಗೆ ಕರೆಯುವ ವ್ಯವಸ್ಥೆ ಅವನ ಅಜ್ಜನ ಅನುಭವವನ್ನೂ ಕೇಳಿಸಿಕೊಂಡಿದ್ದರೆ ಲಂಟಾನದ ಕಥೆ ಬೇರೆಯಾಗುತ್ತಿತ್ತು ಎಂದು ನಂಬಲು ಕಾರಣಗಳಿವೆ.

ನರ್ಸರಿ ಮತ್ತು ನಾಟಿ

ಬೆಂಕಿ ಕಾವಲು ಗಂಡಸರ ಕೆಲಸವಾದರೆ ನರ್ಸರಿ ಹೆಚ್ಚಾಗಿ ಹೆಂಗಸರದು. ಕೆಂಪು ಮಣ್ಣು, ಮರಳು, ಗೊಬ್ಬರ ಬೆರೆಸಿ 5×8, 6×9, 8×12 ಇಂಚಿನ ಪಾಲಿಥೀನ್ ಚೀಲಗಳಿಗೆ ತುಂಬುವುದು, ಬೀಜ ಊರುವುದು, ಕಳೆ ಕೀಳುವುದು, ಬೇರು ನೆಲಕ್ಕಿಳಿಯದಂತೆ ಚೀಲಗಳನ್ನು ಆಗಾಗ ಸರಿಸಿಡುವುದು. ಹೊಂಗೆ, ಬೇವು, ಹುಣಸೆ, ನೆಲ್ಲಿ ಸಸಿಗಳಿಗೆ ಇಷ್ಟು ಸಾಕು. ಕೊಳ್ಳೇಗಾಲದ ಕಾಡಿಗೆ ಒಂದು ಕಾಲಕ್ಕೆ ಹೆಸರು ತಂದ ಶ್ರೀಗಂಧದ್ದೇ ಬೇರೆ ರೀತಿ. ಗಂಧ ಅರೆ ಪರಾವಲಂಬಿ. ಇನ್ನೊಂದು ಗಿಡದ ಬೇರಿಗೆ ತನ್ನ ಬೇರು ಅಂಟಿಸಿಕೊಳ್ಳದೆ ಸೊಂಪಾಗಿ ಬೆಳೆಯದು. ಹಾಗಾಗಿ ಅದೇ ಚೀಲದಲ್ಲಿ ತೊಗರಿ ಬೀಜ ಹಾಕುತ್ತಾರೆ. ತೊಗರಿ ಮೇಲೆದ್ದು ನೆರಳು ಕವಿಯದಂತೆ ಅದರ ಕುಡಿ ಚಿವುಟುತ್ತಿರಬೇಕು. ಹೆಚ್ಚು ಚಿವುಟಿ ತೊಗರಿ ಸತ್ತರೆ ಗಂಧವೂ ಸೊರಗುತ್ತದೆ. ಎಷ್ಟು ಚಿವುಟಬೇಕೆಂಬ ಅಂದಾಜು ವರ್ಷಗಟ್ಟಲೆ ಅದೇ ನರ್ಸರಿಗೆ ಬಂದ ಹೆಂಗಸಿನ ಬೆರಳಿಗೆ ಗೊತ್ತು.

ನಾಟಿಗೆ ಇಲ್ಲಿ ಎರಡು ಕಾಲ. ಮುಂಗಾರಿನ ಜೂನ್–ಜುಲೈ ಒಂದು. ಆದರೆ ಈ ಸೀಮೆಗೆ ಭರ್ತಿ ಮಳೆ ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಾದ್ದರಿಂದ ಆಗ ನೆಟ್ಟ ಸಸಿಗೆ ಬದುಕುವ ಅವಕಾಶ ಹೆಚ್ಚು. ಗುಂಡಿ, ಟ್ರೆಂಚ್, ಕೆರೆ ಹೂಳಿನ ಕೆಲಸಗಳಲ್ಲಿ ಒಂದಷ್ಟು 2005ರ ಉದ್ಯೋಗ ಖಾತರಿ ಕಾಯ್ದೆಯ ಹಣದಿಂದ ನಡೆದವು. ಆ ಕಾಯ್ದೆ ಒಂದು ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸದ ಭರವಸೆ ಕೊಟ್ಟಿತ್ತು.

ಕಾಲೇಜುಗಳ ಎನ್ಎಸ್ಎಸ್ ಶಿಬಿರಗಳೂ ಸಸಿ ನೆಡುತ್ತವೆ. ಸ್ವಯಂಸೇವಕರಿಗೆ ವರ್ಷಕ್ಕೆ 120 ಗಂಟೆ ಸೇವೆ ಮತ್ತು 7 ದಿನದ ವಿಶೇಷ ಶಿಬಿರ ನಿಗದಿಯಾಗಿದೆ. 7 ದಿನದಲ್ಲಿ ನೂರು ಸಸಿ ನೆಡುವುದು ಕಷ್ಟವಲ್ಲ. ಮಾರ್ಚ್ ತಿಂಗಳಲ್ಲಿ ಅವಕ್ಕೆ ನೀರು ಹೊರುವ ಹೊಣೆ ಶಿಬಿರದ ಪಟ್ಟಿಯಲ್ಲಿ ಇರುವುದಿಲ್ಲ, ಅದು ಸೇರಬೇಕು.

ಕಳ್ಳಬೇಟೆ ತಡೆ ಶಿಬಿರದ ವಾಚರ್‌ಗಳು

ಕಾಡಿನ ನಡುವೆ ನಾಲ್ಕೈದು ಜನ ಉಳಿದು ಗಸ್ತು ತಿರುಗುವ ಕಳ್ಳಬೇಟೆ ತಡೆ ಶಿಬಿರಗಳನ್ನು ಎಪಿಸಿ ಕ್ಯಾಂಪ್ ಎನ್ನುತ್ತಾರೆ. ಅಲ್ಲಿನವರಲ್ಲಿ ಬಹುಪಾಲು ಸುತ್ತಲಿನ ಪೋಡು (ಸೋಲಿಗರ ಹಾಡಿ) ಮತ್ತು ಹಳ್ಳಿಗಳ ಯುವಕರು. ಹೊರಗುತ್ತಿಗೆ ಅಥವಾ ದಿನಗೂಲಿ. ಕಾಲದ ಕೆಲಸವೆಂದು ಸೇರಿದವರು ಹತ್ತಾರು ವರ್ಷ ಅದರಲ್ಲೇ ಉಳಿದದ್ದುಂಟು. ಹಂಗಾಮಿ ನೌಕರರನ್ನು ಕಾಯಂ ಮಾಡುವ ದಾರಿಯನ್ನು 2006ರ ಏಪ್ರಿಲ್ 10ರ ಉಮಾದೇವಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಹಳ ಕಿರಿದು ಮಾಡಿತು. ಆ ಪ್ರಕರಣ ಹುಟ್ಟಿದ್ದು ಕರ್ನಾಟಕದಲ್ಲೇ. ಹಳೆಯ ದಿನಗೂಲಿಗಳನ್ನು ಅರವತ್ತರವರೆಗೆ ಕೆಲಸದಲ್ಲಿ ಮುಂದುವರಿಸಲು ರಾಜ್ಯ ಸರ್ಕಾರ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ತಂದಿತು. ಅದು ಆಗಲೇ ಇದ್ದವರಿಗೆ ನೆರವಾಯಿತು. ಆನಂತರ ಗುತ್ತಿಗೆದಾರನ ಮೂಲಕ ಬಂದ ಹುಡುಗರನ್ನು ಮುಟ್ಟಲಿಲ್ಲ.

ಕೆಲಸದ ಈ ಅಭದ್ರತೆಯ ಪರಿಣಾಮ ಎಲ್ಲಿಗೆ ಮುಟ್ಟಬಲ್ಲದು ಎಂಬುದು 2025ರ ಜೂನ್ 26ರಂದು ಕಂಡಿತು. ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು 4 ಮರಿಗಳು ಸತ್ತುಬಿದ್ದಿದ್ದವು. ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ, ಅದಕ್ಕೆ ಕೆಲವೇ ದಿನ ಮುಂಚೆ ಅವರು ಪ್ರತಿಭಟನೆಗೆ ಕೂತಿದ್ದರು ಎಂಬ ವಿಷಯ ಆಗ ನಾಡಿಗೆಲ್ಲ ತಿಳಿಯಿತು. ಅಧಿಕಾರಿಗಳ ಮೇಲೆ ಕ್ರಮವಾಯಿತು. ಐದು ಹುಲಿಗಳ ಸಾವಿಗೂ ಬಾರದ ಸಂಬಳಕ್ಕೂ ಎಷ್ಟು ನಂಟು ಎಂಬುದನ್ನು ತೂಗಿ ಹೇಳುವುದು ಕಷ್ಟ. ಆದರೆ ಮನೆಯಲ್ಲಿ ಅಕ್ಕಿಗೆ ದುಡ್ಡಿಲ್ಲದವನು ರಾತ್ರಿ ಗಸ್ತಿಗೆ ಮನಸ್ಸಿಟ್ಟು ಹೋಗಲಾರ ಎಂಬುದಕ್ಕೆ ಯಾವ ವರದಿಯೂ ಬೇಡ.

ವಿದ್ಯಾರ್ಥಿಗಳ ದಾರಿ

ಕರ್ನಾಟಕದಲ್ಲಿ ಅರಣ್ಯಶಾಸ್ತ್ರದ ನಾಲ್ಕು ವರ್ಷದ ಪದವಿ ಕೊಡುವ ಹಳೆಯ ಕಾಲೇಜುಗಳು ಎರಡು: 1985ರಲ್ಲಿ ಶುರುವಾದ ಶಿರಸಿಯದು, 1995ರಲ್ಲಿ ಶುರುವಾದ ಪೊನ್ನಂಪೇಟೆಯದು. ಮೊದಲನೆಯದು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಎರಡನೆಯದು ಈಗ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೆಳಗಿದೆ. ಪ್ರವೇಶ ಸಿಇಟಿ ಮೂಲಕ. ಕೊನೆಯ ವರ್ಷದಲ್ಲಿ ಅರಣ್ಯ ಕಾರ್ಯಾನುಭವ ಎಂಬ ಕಡ್ಡಾಯ ಭಾಗವಿದೆ. ವಿದ್ಯಾರ್ಥಿ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ, ಹಳ್ಳಿಯಲ್ಲಿ, ಮರ ಆಧಾರಿತ ಕೈಗಾರಿಕೆಯಲ್ಲಿ ಇದ್ದು ಕಲಿಯುತ್ತಾನೆ, ವರದಿ ಬರೆಯುತ್ತಾನೆ. ಕಾರ್ಯಯೋಜನೆ ಓದುವುದು, ನೆಡುತೋಪಿನಲ್ಲಿ ಬದುಕುಳಿದ ಸಸಿ ಎಣಿಸುವುದು, ಮಾದರಿ ಚೌಕದಲ್ಲಿ ಮರದ ಸುತ್ತಳತೆ ತೆಗೆಯುವುದು, ಗ್ರಾಮ ಅರಣ್ಯ ಸಮಿತಿಯ ಲೆಕ್ಕಪತ್ರ ನೋಡುವುದು ಇವೆಲ್ಲ ಆಗ ಕೈಗೆ ಬರುತ್ತವೆ.

ಇತರ ವಿಜ್ಞಾನ ವಿದ್ಯಾರ್ಥಿಗಳು ಬರುವುದು ಸಂಶೋಧನಾ ಸಂಸ್ಥೆಗಳ ಮೂಲಕ. 1996ರಲ್ಲಿ ಕಮಲ್ ಬಾವ ಸ್ಥಾಪಿಸಿದ ಏಟ್ರೀಗೆ ಬಿಳಿಗಿರಿ ಬೆಟ್ಟದಲ್ಲೂ ಮಹದೇಶ್ವರ ಬೆಟ್ಟದಲ್ಲೂ ಬಹುಕಾಲದ ಕೆಲಸವಿದೆ. ನೆಲ್ಲಿಕಾಯಿ ಎಷ್ಟು ಬಿಡುತ್ತದೆ, ಎಷ್ಟು ಕೀಳಬಹುದು, ನೆಲ್ಲಿ ಮರಕ್ಕೆ ಬಂದಳಿಕೆ ಹೇಗೆ ಹತ್ತುತ್ತದೆ ಎಂಬುದನ್ನು ಸೋಲಿಗರ ಜೊತೆಗೂಡಿ ವರ್ಷಾನುಗಟ್ಟಲೆ ಅಳೆದದ್ದು ಇಲ್ಲೇ. ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುವ ಕೇಂದ್ರ ಮಹದೇಶ್ವರ ಬೆಟ್ಟದಲ್ಲಿ ಬೆಳೆಯಿತು. ಹನೂರಿನ ಕಡೆ ಸಂಜಯ್ ಗುಬ್ಬಿಯವರ ಹೊಳೆಮತ್ತಿ ನೇಚರ್ ಫೌಂಡೇಶನ್ ಚಿರತೆಗಳ ಅಧ್ಯಯನ ಮತ್ತು ಶಾಲಾ ಮಕ್ಕಳ ನಿಸರ್ಗ ಶಿಕ್ಷಣ ನಡೆಸುತ್ತಿದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಸೋಲಿಗ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿತು. ಈಚಿನ ಸೋಲಿಗ ಪದವೀಧರರಲ್ಲಿ ಹಲವರ ಬೇರು ಅಲ್ಲಿದೆ.

ಹೊರಗಿನಿಂದ ಬರುವವರು ತಿಳಿದಿರಬೇಕಾದ್ದು: ವನ್ಯಧಾಮದ ಒಳಗೆ ಅಧ್ಯಯನಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನಂತೆ ಅನುಮತಿ ಬೇಕು. ಅರ್ಜಿ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನಕ್ಕೆ ಹೋಗುತ್ತದೆ. ತಿಂಗಳೆರಡು ತಿಂಗಳ ಇಂಟರ್ನ್‌ಶಿಪ್‌ಗೆ ಅದನ್ನು ಕಾಯುತ್ತ ಕೂತರೆ ರಜೆಯೇ ಮುಗಿದಿರುತ್ತದೆ. ಆದ್ದರಿಂದ ಈಗಾಗಲೇ ಅನುಮತಿ ಇರುವ ಸಂಸ್ಥೆಯ ಯೋಜನೆಗೆ ಸೇರಿಕೊಳ್ಳುವುದೇ ರೂಢಿ.

ಗಣತಿಯಲ್ಲಿ ಮಾತ್ರ ವಿದ್ಯಾರ್ಥಿಗೂ ವಾಚರ್‌ಗೂ ಅಕ್ಕಪಕ್ಕ ನಡೆಯುವ ಅವಕಾಶ. 2006ರಿಂದ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯಲ್ಲಿ ಮಾಂಸಾಹಾರಿಗಳ ಹೆಜ್ಜೆ, ಲದ್ದಿ, ಕೆರೆತದ ಗುರುತು ಹುಡುಕುತ್ತ ಕನಿಷ್ಠ 5 ಕಿ.ಮೀ. ಹಾದಿಗಳನ್ನು ನಡೆಯುತ್ತಾರೆ, ಜಿಂಕೆ ಕಡವೆಗಳ ಲೆಕ್ಕಕ್ಕೆ 2 ಕಿ.ಮೀ. ನೇರಗೆರೆಯಲ್ಲಿ ಮುಂಜಾನೆ ನಡೆದು, 400 ಮೀಟರಿಗೊಂದು ಕಡೆ ನಿಂತು ಗಿಡಮರ ಬರೆದುಕೊಳ್ಳುತ್ತಾರೆ. 2023ರ ಮೇ 17ರಿಂದ 19ರವರೆಗೆ ನಡೆದ ಆನೆ ಗಣತಿಯಲ್ಲಿ ಮೊದಲ ದಿನ ಕಣ್ಣಿಗೆ ಕಂಡ ಆನೆ, ಎರಡನೆಯ ದಿನ ಲದ್ದಿ, ಮೂರನೆಯ ದಿನ ನೀರಿನ ಗುಂಡಿಗೆ ಬಂದ ಹಿಂಡುಗಳನ್ನು ಎಣಿಸಿದರು. ರಾಜ್ಯದಲ್ಲಿ 6,395 ಆನೆಗಳಿವೆ ಎಂಬ ಅಂದಾಜು ಹೊರಬಂತು. ವಿದ್ಯಾರ್ಥಿ ಜಿಪಿಎಸ್ ಹಿಡಿದಿರುತ್ತಾನೆ. ಎದುರಿನ ಪೊದೆಯಲ್ಲಿ ಆನೆಯಿದೆಯೆಂದು ಮೂಗಿನಿಂದಲೇ ತಿಳಿದು ಅವನ ತೋಳು ಹಿಡಿದು ಹಿಂದಕ್ಕೆ ಎಳೆಯುವವನು ವಾಚರ್.

ಕ್ಯಾಲೆಂಡರಿನ ತೊಡಕು

ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೂ ಅರಣ್ಯದ ಹಂಗಾಮಿ ಕೆಲಸಕ್ಕೂ ಹಳೆಯ ನಂಟು. 1933ರಿಂದ 1942ರವರೆಗೆ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಸುಮಾರು 30 ಲಕ್ಷ ನಿರುದ್ಯೋಗಿ ಯುವಕರನ್ನು ಗಿಡ ನೆಡಲು, ಹಾದಿ ಕಡಿಯಲು, ಬೆಂಕಿ ಆರಿಸಲು ಹಚ್ಚಿತು. 1957ರಲ್ಲಿ ಹುಟ್ಟಿದ ಸ್ಟೂಡೆಂಟ್ ಕನ್ಸರ್ವೇಶನ್ ಅಸೋಸಿಯೇಶನ್ ಒಬ್ಬ ಕಾಲೇಜು ಹುಡುಗಿ, ಎಲಿಜಬೆತ್ ಕುಶ್ಮನ್, ಬರೆದ ಪ್ರಬಂಧದಿಂದ ಮೂಡಿದ್ದು. ಅಲ್ಲಿ ಇದು ಸಾಧ್ಯವಾದದ್ದಕ್ಕೆ ಒಂದು ಮುಖ್ಯ ಕಾರಣ, ಬೇಸಿಗೆ ರಜೆಯೂ ಕಾಡಿನ ಕೆಲಸದ ಕಾಲವೂ ಒಂದೇ ಸಮಯಕ್ಕೆ ಬೀಳುವುದು.

ಅಜ್ಜೀಪುರದ ಕಡೆ ಹಾಗಲ್ಲ. ಬೆಂಕಿ ಕಾವಲು ಬಿಗಿಯಾಗುವ ಮಾರ್ಚ್ ತಿಂಗಳಲ್ಲೇ ಎಸ್ಎಸ್ಎಲ್‌ಸಿ, ಪಿಯುಸಿ ಪರೀಕ್ಷೆಗಳು. ನಾಟಿಯ ಜೂನ್ ತಿಂಗಳಲ್ಲಿ ಶಾಲೆ ಕಾಲೇಜುಗಳ ಸೇರ್ಪಡೆ. ರಜೆ ಸಿಗುವ ಮೇ ತಿಂಗಳಿಗೆ ಮಳೆ ಹನಿದು ಕಾವಲು ಸಡಿಲವಾಗಿರುತ್ತದೆ. ಹೀಗಾಗಿ ಹಂಗಾಮಿ ಕೆಲಸ ಹಿಡಿದ ಹುಡುಗ ಓದು ಬಿಡಬೇಕು, ಓದು ಹಿಡಿದವನು ಆ ಕೆಲಸ ಬಿಡಬೇಕು. ಮನೆಯ ಕಷ್ಟ ನೋಡಿ ಜನವರಿಯಲ್ಲಿ ಫೈರ್ ಲೈನಿಗೆ ಹೋದ ಪಿಯುಸಿ ಹುಡುಗ ಮಾರ್ಚ್ ಪರೀಕ್ಷೆಗೆ ತಯಾರಾಗಿರುವುದಿಲ್ಲ. ಪೇಟೆಯಿಂದ ಬರುವ ಇಂಟರ್ನ್‌ಗೆ ಈ ಕಾಡು ಎರಡು ತಿಂಗಳ ಅನುಭವ. ಮುಂದೆ ಅವನ ಅರ್ಜಿಯಲ್ಲಿ ಅದು ಒಂದು ಸಾಲು. ಊರಿನ ಹುಡುಗನ ಐದು ವರ್ಷದ ಕಾವಲಿಗೆ ಕೂಲಿಯ ವೋಚರ್ ಬಿಟ್ಟರೆ ದಾಖಲೆಯಿಲ್ಲ.

ಕಾಯಂ ಕೆಲಸದ ಮೆಟ್ಟಿಲುಗಳೂ ಓದಿನ ಮೇಲೇ ನಿಂತಿವೆ. ಅರಣ್ಯ ವೀಕ್ಷಕ ಹುದ್ದೆಗೆ ಎಸ್ಎಸ್ಎಲ್‌ಸಿ, ಗಸ್ತು ಅರಣ್ಯ ಪಾಲಕ ಹುದ್ದೆಗೆ ಪಿಯುಸಿ, ಅದರ ಮೇಲೆ ಓಟ, ಜಿಗಿತದ ದೇಹದಾರ್ಢ್ಯ ಪರೀಕ್ಷೆ. ವಲಯ ಅರಣ್ಯಾಧಿಕಾರಿಯ ನೇರ ನೇಮಕದಲ್ಲಿ ಅರಣ್ಯಶಾಸ್ತ್ರ ಪದವೀಧರರಿಗೆ ಪಾಲಿದೆ. ಅದನ್ನು ಹೆಚ್ಚಿಸಿ ಎಂದು ಶಿರಸಿ, ಪೊನ್ನಂಪೇಟೆ ವಿದ್ಯಾರ್ಥಿಗಳು ಹಲವು ಸಲ ಬೀದಿಗಿಳಿದಿದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು. ಹತ್ತು ಬೇಸಿಗೆ ಬೆಂಕಿ ಕಾದವನಿಗೆ ವೀಕ್ಷಕ ಹುದ್ದೆಯ ನೇಮಕದಲ್ಲಿ ಅನುಭವದ ಅಂಕ ಕೊಡುವುದೂ ಅಷ್ಟೇ ನ್ಯಾಯ, ಆದರೆ ಅವನ ಪರವಾಗಿ ಬೀದಿಗಿಳಿಯಲು ಕಾಲೇಜೊಂದು ಇಲ್ಲ.

ಹಕ್ಕುಪತ್ರದ ನಂತರ

2006ರ ಅರಣ್ಯ ಹಕ್ಕು ಕಾಯ್ದೆ ಇನ್ನೊಂದು ಬಾಗಿಲು ತೆರೆದಿದೆ. ಬಿಳಿಗಿರಿಯ ಕಾಡು 2011ರ ಜನವರಿಯಲ್ಲಿ ಹುಲಿ ರಕ್ಷಿತಾರಣ್ಯವಾಯಿತು; ಅದೇ ವರ್ಷದ ಅಕ್ಟೋಬರಿನಲ್ಲಿ 25 ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ರಕ್ಷಿತಾರಣ್ಯದೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಮೊದಲಿಗರು ಸೋಲಿಗರು. ಜೇನು, ನೆಲ್ಲಿ, ಸೀಗೆ, ಅಂಟುವಾಳ, ಪಾಚಿ ಸಂಗ್ರಹ ಮತ್ತೆ ಅವರ ಹಕ್ಕಾಯಿತು. ಜೊತೆಗೆ ಆ ಕಾಡನ್ನು ನೋಡಿಕೊಳ್ಳುವ ಅಧಿಕಾರವೂ ಗ್ರಾಮಸಭೆಗೆ ಬಂತು.

ಅಧಿಕಾರ ನಡೆಸಲು ನಕ್ಷೆ ಬೇಕು, ಗಡಿ ಗುರುತು ಬೇಕು, ಜೇನಿನ ಲೆಕ್ಕ, ಲಂಟಾನ ಕಿತ್ತ ಜಾಗದ ಲೆಕ್ಕ, ನಿರ್ವಹಣಾ ಯೋಜನೆ ಬೇಕು. ಪೋಡಿನ ಓದಿದ ಹುಡುಗ ಹುಡುಗಿಯರು ಜಿಪಿಎಸ್ ಹಿಡಿದು ಹಿರಿಯರ ಜೊತೆ ನಡೆದು ತಮ್ಮ ಕುಲಗಳ ಗಡಿಯಾದ ಯೆಲ್ಲೆಗಳನ್ನು, ದೇವರ ತಾಣಗಳನ್ನು ಗುರುತಿಸಿದ ಕೆಲಸ ಬಿಳಿಗಿರಿಯಲ್ಲಿ ಆಗಲೇ ನಡೆದಿದೆ. ಮಾದರಿಯಾಗಬೇಕಾದದ್ದು ಇದು. ಗ್ರಾಮಸಭೆ ತನ್ನ ಊರಿನ ಪದವಿ ವಿದ್ಯಾರ್ಥಿಗೆ ಇಂಟರ್ನ್‌ಶಿಪ್ ಕೊಡಬಹುದು. ಕೊಳ್ಳೇಗಾಲದ ಮಹದೇಶ್ವರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ ಕಡೆ ಅದನ್ನು ಅಂಕಕ್ಕೆ ಹಿಡಿಯಬಹುದು. ಬೆಂಕಿ ಕಾವಲನ್ನು ಫೆಬ್ರವರಿಯ ವಾರಾಂತ್ಯಗಳಿಗೆ ಹಂಚಿ, ಮೇ ತಿಂಗಳ ರಜೆಯನ್ನು ಸುಟ್ಟ ಜಾಗದ ಸಮೀಕ್ಷೆಗೂ ಬೀಜ ಸಂಗ್ರಹಕ್ಕೂ ಬಳಸಿದರೆ ಪರೀಕ್ಷೆಯೂ ತಪ್ಪುವುದಿಲ್ಲ. ಕೂಲಿ ಮಾತ್ರ ತಿಂಗಳ ಕೊನೆಗೆ ತಪ್ಪದೆ ಸಿಗಬೇಕು, ಕೆಲಸ ಮಾಡಿದವರ ಹೆಸರು ವರದಿಯಲ್ಲಿ ಬರಬೇಕು. ಅಜ್ಜೀಪುರದ ಸುತ್ತಲಿನ ಮಹದೇಶ್ವರ ಬೆಟ್ಟದ ಕಾಡನ್ನೂ ಹುಲಿ ರಕ್ಷಿತಾರಣ್ಯ ಮಾಡುವ ಪ್ರಸ್ತಾವ ವರ್ಷಗಳಿಂದ ಇದೆ. ಅದರ ಬಗ್ಗೆ ಹನೂರು ಸೀಮೆಯ ದನಗಾಹಿಗಳಿಗೆ ಮೇವಿನ ಚಿಂತೆ, ಸೋಲಿಗರಿಗೂ ಬೆಟ್ಟದ ಇನ್ನೊಂದು ಸಮುದಾಯವಾದ ಬೇಡಗಂಪಣರಿಗೂ ನೆಲೆಯ ಚಿಂತೆ. ಆ ಪ್ರಸ್ತಾವದ ಕಡತದಲ್ಲಿ ಎಷ್ಟು ಸ್ಥಳೀಯ ಯುವಕರಿಗೆ, ಯಾವ ತರಬೇತಿಯೊಂದಿಗೆ, ಯಾವ ಶರತ್ತಿನ ಮೇಲೆ ಕೆಲಸ ಎಂಬ ಪುಟವೂ ಸೇರಬೇಕೆಂದು ಗ್ರಾಮಸಭೆಗಳು ಈಗಲೇ ಕೇಳಬಹುದು.